‘ಹೋಗ್ತೀನಿ’ ಅಂತ ಬರಕೊಳ್ರಿ

ಕವಳಿಕಟ್ಟೆ, ಕೂಡ್ಲಿಗಿ ತಾಲ್ಲೂಕು
7 ಜುಲೈ 2024

ಅಮೃತಾ ಮೇಡಂ ಅವರಿಗೆ,

ನಾನು ಮಂಜಮ್ಮ. ಕೂಡ್ಲಿಗಿಯ ತರಬೇತಿಯಲ್ಲಿ ಕೊನೆಯ ಸಾಲಿನಲ್ಲಿ, ತಿರುಗದ ಫ್ಯಾನಿನ ಕೆಳಗೆ ಕೂತಿದ್ದವಳು. ‘ಜೀವವೈವಿಧ್ಯ ನಿರ್ವಹಣಾ ಸಮಿತಿ’ ಎಂದು ಒಂದೇ ಉಸಿರಿನಲ್ಲಿ ಹೇಳಿದ್ದಕ್ಕೆ ನೀವು ಎಲ್ಲರಿಂದ ಚಪ್ಪಾಳೆ ಹೊಡೆಸಿದಿರಲ್ಲ, ಅವಳು.

ನಿಮ್ಮ ನಂಬರ್ ನನ್ನ ಹತ್ತಿರ ಇದೆ. ಆದರೂ ಬರೆಯುತ್ತಿದ್ದೇನೆ. ಸರ್ಕಾರಕ್ಕೆ ಕಿವಿ ಇಲ್ಲ, ಕಣ್ಣು ಮಾತ್ರ ಇದೆ, ಏನಿದ್ದರೂ ಬರೆದು ಕೊಡಿ ಎಂದು ನೀವೇ ಹೇಳಿದ್ದು. ನೀವು ಸರ್ಕಾರವಲ್ಲ, ಗೊತ್ತು. ಆದರೆ ಫೋನಿನಲ್ಲಿ ನೀವೂ ‘ಹಾಂ ಹಾಂ’ ಎಂದು ಇಟ್ಟುಬಿಟ್ಟರೆ ನಾನೇನು ಮಾಡಲಿ?

ವಿಷಯ ಇಷ್ಟು. ನಮ್ಮ ಊರ ಹಿಂದೆ ಬೂದಿಗುಡ್ಡ ಇದೆ. ಗುಡ್ಡದ ತುಂಬ ಸೀತಾಫಲ, ನಡುವೆ ಕವಳಿಹಣ್ಣಿನ ಪೊದೆ. ನಾನು, ಹಂಪಮ್ಮ, ಯಶೋಧಾ ಮತ್ತು ನಮ್ಮ ಕೇರಿಯ ಹೆಂಗಸರೆಲ್ಲ ಅದನ್ನೇ ಕಿತ್ತು ಬಸ್‌ಸ್ಟ್ಯಾಂಡುಗಳಲ್ಲಿ ಮಾರುತ್ತೇವೆ. ಸುತ್ತಲಿನ ಊರುಗಳಿಂದ ಜನ ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಗುಡ್ಡ ಇರುವುದರಿಂದ ನಾವು ಇದುವರೆಗೆ ಹೋಗಿಲ್ಲ.

ಈಗ ಆ ಗುಡ್ಡವನ್ನು ಜಲ್ಲಿ ಕ್ರಷರಿಗೆ ಕೊಡಬೇಕಂತೆ. ಅದಕ್ಕೆ ಸಮಿತಿಯ ಒಪ್ಪಿಗೆಯ ಠರಾವು ಬೇಕು. ಅಧ್ಯಕ್ಷ ಪಾಲಾಕ್ಷಪ್ಪನವರು ಮನೆಗೇ ಬಂದಿದ್ದರು. “ನಿಮ್ಮನ್ನ ಸಮಿತಿಗೆ ಹಾಕ್ದಾಂವ ನಾನು. ಬರ್ರಿ, ಚಾ ಕುಡೀರಿ, ಸಹಿ ಮಾಡ್ರಿ. ಲಕ್ಷಣಕ್ಕ ಇರ್ರಿ” ಎಂದರು. ಸಮಿತಿಯಲ್ಲಿ ನಾವು ಮೂವರು ಹೆಂಗಸರು. ಅವರು ನಾಲ್ವರು ಗಂಡಸರು, ನಾಲ್ವರೂ ಒಪ್ಪಿದ್ದಾರೆ.

ನೀವು ಹೇಳಿದ ಕೋರಂ ವಿಷಯ ಹಂಪಮ್ಮನ ತಲೆಯಿಂದ ಹೋಗುತ್ತಿಲ್ಲ. ಅದು ಯಾವುದೋ ದೇವತೆಯ ಹೆಸರೆಂದು ತಿಳಿದಿದ್ದಾಳೆ. “ಆ ಕೋರಮ್ಮ ಯಾವೂರಾಕಿ? ಆಕಿಗೆ ಹರಕಿ ಹೊತ್ರ ಗುಡ್ಡ ಉಳೀತೈತೇನು ಕೇಳು” ಎನ್ನುತ್ತಾಳೆ. ಕೇಳಿದ್ದೇನೆ. ಉತ್ತರ ಬರೆಯಿರಿ.

ನಿಮ್ಮ ವಿಶ್ವಾಸದ
ಮಂಜಮ್ಮ


ಹಗರಿಬೊಮ್ಮನಹಳ್ಳಿ
18 ಜುಲೈ 2024

ಪ್ರಿಯ ಮಂಜಮ್ಮನವರಿಗೆ,

ನಿಮ್ಮ ಪತ್ರ ಕಂಡು ನಿಜಕ್ಕೂ ಆಶ್ಚರ್ಯವಾಯಿತು. ಇಷ್ಟು ವರ್ಷ ಹಡಗಲಿ, ಹರಪನಹಳ್ಳಿ, ಕೊಟ್ಟೂರು ಎಂದು ತಿರುಗಿ ಸಮಿತಿಗಳಿಗೆ ಪಾಠ ಮಾಡಿದ್ದೇನೆ. ತರಬೇತಿ ಮುಗಿದ ಮೇಲೆ ಯಾರೂ ನನಗೆ ಬರೆದಿರಲಿಲ್ಲ. ಸಂಬಳವಿಲ್ಲದ ಕೆಲಸಕ್ಕೆ ಒಂದು ದಿನದ ಕೂಲಿ ಬಿಟ್ಟು ಬಂದು, ಊಟ ಮಾಡಿ, ಬ್ಯಾಗು ತೆಗೆದುಕೊಂಡು ಹೋಗುತ್ತಿದ್ದ ಜನ ನನ್ನ ಮಾತಿನಲ್ಲಿ ಯಾವುದನ್ನು ಮನೆಗೆ ಒಯ್ಯುತ್ತಾರೆ ಎಂದು ನಾನೂ ಕೇಳಿಕೊಳ್ಳುವುದನ್ನು ಬಿಟ್ಟಿದ್ದೆ.

ಹಂಪಮ್ಮನವರಿಗೆ ಹೇಳಿ: ಕೋರಮ್ಮ ಬಹಳ ಸಿಟ್ಟಿನ ದೇವತೆ. ಏಳು ಸದಸ್ಯರಲ್ಲಿ ಐವರಾದರೂ ಎದುರು ಕೂತಿದ್ದರೆ ಮಾತ್ರ ಸಭೆಗೆ ಬರುತ್ತಾಳೆ. ಒಬ್ಬರು ಕಡಿಮೆಯಾದರೂ ಎದ್ದು ನಡೆದುಬಿಡುತ್ತಾಳೆ. ಅವಳಿಲ್ಲದೆ ಮಾಡಿದ ಠರಾವಿಗೆ ಬೆಲೆ ಇಲ್ಲ.

ಕೈ ಎತ್ತಿಸಿದರೆ ಅವರು ನಾಲ್ಕು, ನೀವು ಮೂರು. ನೀವು ಸೋಲುತ್ತೀರಿ. ಆದರೆ ನೀವು ಮೂವರೂ ಎದ್ದುಹೋದರೆ ಉಳಿಯುವವರು ನಾಲ್ವರು, ಸಭೆಯೇ ಇಲ್ಲ. ಮನೆಯಲ್ಲಿ ಮಾತ್ರ ಕೂರಬೇಡಿ. ಬಾರದವರ ಮನೆ ಬಾಗಿಲಿಗೆ ಪುಸ್ತಕ ತಂದು ಸಹಿ ಹಾಕಿಸಿಕೊಳ್ಳುವುದು ಎಲ್ಲ ಕಡೆಯ ಪದ್ಧತಿ. ಸತತ ಮೂರು ಸಭೆ ತಪ್ಪಿಸಿದರೆ ನಿಮ್ಮನ್ನು ತೆಗೆದು ಬೇರೆಯವರನ್ನು ಹಾಕಲೂಬಹುದು. ಹೋಗಿ, ಕೂತುಕೊಳ್ಳಿ, ಗುಡ್ಡದ ವಿಷಯ ಬಂದಾಗ ಎಲ್ಲರಿಗೂ ಕೇಳುವ ಹಾಗೆ ಹೇಳಿ ಎದ್ದುಹೋಗಿ.

ಇದನ್ನು ಬರೆಯುವಾಗ ಸ್ವಲ್ಪ ಖುಷಿಯಾಗುತ್ತಿದೆ, ಸ್ವಲ್ಪ ಭಯವೂ. ಆ ಕೋಣೆಯಲ್ಲಿ ಏಳಬೇಕಾದವರು ನೀವು, ನಾನಲ್ಲ.

ನಿಮ್ಮ
ಅಮೃತಾ


ಕವಳಿಕಟ್ಟೆ
11 ಆಗಸ್ಟ್ 2024

ಅಮೃತಾ ಮೇಡಂ,

ಕೆಟ್ಟೆವು. ನೀವು ಹೇಳಿದ ಹಾಗೆಯೇ ಮಾಡಿ ಕೆಟ್ಟೆವು.

ಸಭೆ ನಡೆಯಿತು. ಪಾಲಾಕ್ಷಪ್ಪನವರು ಶುರು ಮಾಡಿದರು. “ಆ ಗುಡ್ಡದಾಗ ಏನೈತವ್ವ? ಬರೇ ಕಲ್ಲು. ಒಡದ್ರ ರಸ್ತಿ ಆಗ್ತೈತಿ, ಊರು ಉದ್ಧಾರ ಆಗ್ತೈತಿ.”

ಹಂಪಮ್ಮ ಸುಮ್ಮನಿರುವವಳಲ್ಲ. “ಕಲ್ಲು ನಿಮ್ಮ ತಲಿಯಾಗೂ ಐತ್ರಿ ಅಧ್ಯಕ್ಷರ. ಮದ್ಲು ಅದನ್ನ ಒಡದು ನಿಮ್ಮ ಮನಿ ಮುಂದ ರಸ್ತಿ ಮಾಡ್ರಿ, ನೋಡಾಮು” ಎಂದಳು. ಗಂಡಸರೂ ನಕ್ಕರು. ಆ ನಗುವಿನಲ್ಲೇ ನಮಗೆ ಧೈರ್ಯ ಬಂತು. ಮೂವರೂ ಎದ್ದೆವು. ಯಶೋಧಾ ಕೈ ಮುಗಿದು “ಬರ್ತೀವ್ರಿ” ಎಂದಳು. ನಾನೂ “ಬರ್ತೀನ್ರಿ” ಎಂದೆ. ಹಂಪಮ್ಮ ಹೊಸ್ತಿಲಲ್ಲಿ ತಿರುಗಿ, “ಬರ್ತೀನಪ್ಪ, ಎಲ್ಲಾರ್ಗೂ ಶರಣು” ಎಂದಳು. ಹೊರಗೆ ಬಂದು ಬೇವಿನ ಮರದ ಕೆಳಗೆ ಮೂವರೂ ನಕ್ಕಿದ್ದೇ ನಕ್ಕಿದ್ದು. ಕೋರಮ್ಮನನ್ನು ಕೈಹಿಡಿದು ಕರೆದುಕೊಂಡು ಬಂದೆವು ಎಂದುಕೊಂಡೆವು.

ಮರುದಿನ ಪಂಚಾಯಿತಿ ಕಾರ್ಯದರ್ಶಿ ಕೊಟ್ರಬಸಪ್ಪ ನಡಾವಳಿ ಓದಿ ಹೇಳಿದರು. ಅವರು ಬರೆದದ್ದು ಹೀಗಿದೆ: ‘ಮೂವರು ಮಹಿಳಾ ಸದಸ್ಯರು ಬರ್ತೀವಿ ಎಂದು ತಿಳಿಸಿ ತಾತ್ಕಾಲಿಕವಾಗಿ ಹೊರಗೆ ಹೋದರು. ಮರಳಿ ಬರುವುದಾಗಿ ಅವರೇ ಹೇಳಿರುವುದರಿಂದ ಹಾಜರಿ ಎಂದು ಪರಿಗಣಿಸಿ ಸಭೆ ಮುಂದುವರಿಸಲಾಯಿತು. ಗುಡ್ಡದ ವಿಷಯವನ್ನು ಸರ್ವಾನುಮತದಿಂದ ಒಪ್ಪಲಾಯಿತು.’

ನನಗೆ ಪಿತ್ತ ನೆತ್ತಿಗೇರಿತು. “ಏನ್ರಿ ಇದು, ಸುಳ್ಳು ಬರದೀರಿ?” ಎಂದೆ.

“ಸುಳ್ಳು ಯಾಕ ಬರೀಲವ್ವ? ನೀವಽ ಅಂದ್ರೆಲ್ಲ, ಬರ್ತೀವಿ ಅಂತ! ದೇವ್ರಾಣಿ ಮಾಡ್ರಿ, ಅಂದಿಲ್ಲೇನು?”

ಅಂದಿದ್ದೆವು. ಎಲ್ಲಿಂದ ಎದ್ದರೂ ಹಾಗೇ ಅನ್ನುವುದಲ್ಲವೇ ಮೇಡಂ? ಹೋಗುವಾಗ ‘ಹೋಗ್ತೀನಿ’ ಎಂದು ಯಾರಾದರೂ ಹೇಳುತ್ತಾರೆಯೇ? ಅವರಿಗೂ ಅದು ಗೊತ್ತು. ಗೊತ್ತಿದ್ದೇ ಬರೆದರು. ನಮ್ಮ ಮರ್ಯಾದೆಯನ್ನೇ ಹಿಡಿದು ನಮ್ಮ ಕೈ ಕಟ್ಟಿದರು.

ಇನ್ನೇನಾದರೂ ದಾರಿ ಇದೆಯೇ? ಇದ್ದರೆ ಬೇಗ ಬರೆಯಿರಿ.

ಮಂಜಮ್ಮ


ಹಗರಿಬೊಮ್ಮನಹಳ್ಳಿ
25 ಆಗಸ್ಟ್ 2024

ಪ್ರಿಯ ಮಂಜಮ್ಮನವರಿಗೆ,

ನಿಮ್ಮ ಪತ್ರ ಓದಿ ಮೊದಲು ನಕ್ಕೆ, ಆಮೇಲೆ ನಕ್ಕದ್ದಕ್ಕೆ ನಾಚಿಕೆಯಾಯಿತು. ಎದ್ದುಹೋಗಿ ಎಂದು ಬರೆದಾಗ ಏನೆಂದು ಹೇಳಿ ಏಳಬೇಕು ಎಂಬುದು ನನಗೆ ಹೊಳೆಯಲೇ ಇಲ್ಲ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ‘ಹೋಗಲೇ ಮಿಸ್’ ಎಂದು ಇಂಗ್ಲಿಷಿನಲ್ಲಿ ಕೇಳಿ ಎದ್ದುಹೋಗುತ್ತಿದ್ದೆವು, ಅದರಲ್ಲಿ ಬರುವ ಮಾತೇ ಇರಲಿಲ್ಲ. ಮನೆಯಲ್ಲಿ ಅದೇ ರೂಢಿಯಲ್ಲಿ ‘ಹೋಗ್ತೀನಿ’ ಎಂದರೆ ಅಜ್ಜಿ ಬಾಗಿಲಿನಿಂದ ವಾಪಸು ಕರೆದು, ಕೂರಿಸಿ, ನೀರು ಕುಡಿಸಿ ಕಳಿಸುತ್ತಿದ್ದಳು. ಅಷ್ಟೆಲ್ಲ ಗೊತ್ತಿದ್ದೂ ಸಭೆಯ ನಿಯಮ ಒಂದು ಕಡೆ, ಅಜ್ಜಿಯ ಬಾಗಿಲು ಇನ್ನೊಂದು ಕಡೆ ಎಂದುಕೊಂಡೇ ನಾನು ಪಾಠ ಮಾಡುತ್ತ ಬಂದಿದ್ದೇನೆ.

ದಾರಿ ಇದೆ. ಮುಂದಿನ ಸಭೆಯಲ್ಲಿ ಮೊದಲು ಹಿಂದಿನ ನಡಾವಳಿಯನ್ನು ಓದಿ ದೃಢೀಕರಿಸಬೇಕು. ದೃಢೀಕರಣವಾಗದ ಠರಾವು ಮೇಲಿನ ಕಚೇರಿಗೆ ಹೋಗುವಂತಿಲ್ಲ. ದೃಢೀಕರಣಕ್ಕೂ ಕೋರಂ ಬೇಕು.

ಆದರೆ ಈ ಬಾರಿ ಸೂಕ್ತ ರೀತಿಯಲ್ಲಿ ಮುಂದುವರಿಯಿರಿ ಎಂದು ಸಲಹೆ ಕೊಡುತ್ತೇನೆ. ಮೊದಲು ಒಂದು ಆಕ್ಷೇಪಣೆಯನ್ನು ಸೂಕ್ತ ಅಧಿಕಾರಿಗಳಿಗೆ ಬರೆದುಕೊಟ್ಟರೆ ಒಳ್ಳೆಯದೇನೋ. ಸಭೆಯಿಂದ ಏಳುವುದು ಕೊನೆಯ ಉಪಾಯವಾಗಿರಲಿ. ನನ್ನನ್ನು ತರಬೇತಿಗೆ ಕಳಿಸುವ ಕಚೇರಿಯಲ್ಲಿ ಒಬ್ಬರು, “ಕವಳಿಕಟ್ಟೆ ಹೆಂಗಸರಿಗೆ ಎದ್ದುಹೋಗೋದನ್ನ ಯಾರು ಹೇಳಿಕೊಟ್ಟದ್ದು?” ಎಂದು ಕೇಳಿದರು. ನಾನು ಉತ್ತರ ಹೇಳಲಿಲ್ಲ. ಇದನ್ನು ನಿಮಗೆ ತಿಳಿದಿರಲಿ ಎಂದಷ್ಟೇ ಬರೆಯುತ್ತಿದ್ದೇನೆ.

ನಿಮ್ಮ
ಅಮೃತಾ


ಕವಳಿಕಟ್ಟೆ
8 ಸೆಪ್ಟೆಂಬರ್ 2024

ಮಾನ್ಯರೇ,

ಪತ್ರ ತಲುಪಿತು. ಅದರಲ್ಲಿ ‘ಸೂಕ್ತ’ ಎಂಬ ಮಾತು ಎರಡು ಸಲ ಬಂದಿದೆ. ತರಬೇತಿಯ ದಿನ ಆ ಮಾತು ನಿಮ್ಮ ಬಾಯಿಂದ ಬಂದಿರಲಿಲ್ಲ. ಕೇಳಿದವರಿಗೆ ನೀವು ಯಾಕೆ ಉತ್ತರ ಹೇಳಲಿಲ್ಲ ಎಂದು ನಾನು ಕೇಳುವುದಿಲ್ಲ.

ಆಕ್ಷೇಪಣೆ ಬರೆದುಕೊಟ್ಟಿದ್ದೇನೆ. ‘ಸ್ವೀಕರಿಸಲಾಗಿದೆ’ ಎಂಬ ಮುದ್ರೆ ಬಿದ್ದಿದೆ. ಮುದ್ರೆ ಹೊಡೆದವರು ಅದನ್ನು ಓದಲಿಲ್ಲ.

ಅಕ್ಟೋಬರಿನಲ್ಲಿ ಸಭೆ. ಈ ಬಾರಿ ‘ಹೋಗ್ತೀನಿ’ ಎಂದೇ ಹೇಳುವುದೆಂದು ನಾನೂ ಯಶೋಧಾಳೂ ತೀರ್ಮಾನಿಸಿದ್ದೇವೆ. ಕಷ್ಟ ಇರುವುದು ಹಂಪಮ್ಮನದು. ಅವಳ ಗಂಡ ಹೊಸಪೇಟೆಯ ಲಾರಿಯಲ್ಲಿ ಕ್ಲೀನರಾಗಿದ್ದ. ಒಂದು ದಿನ ಏನೋ ಮಾತಿಗೆ ಮಾತು ಬೆಳೆದು, ಹೊಸ್ತಿಲಲ್ಲಿ ನಿಂತು “ಹೋಗ್ತೀನಿ” ಎಂದು ಹೋದ. ಲಾರಿ ಪಲ್ಟಿಯಾಯಿತು, ಅವನು ಬರಲಿಲ್ಲ. ಅಂದಿನಿಂದ ಅವಳು ಆ ಮಾತನ್ನು ನಾಲಗೆಗೆ ತಂದಿಲ್ಲ. ಕರೆಂಟು ಹೋದರೂ “ಕರೆಂಟು ಬರ್ತೈತಿ” ಎನ್ನುತ್ತಾಳೆ. ಕೇರಿಯ ಹುಡುಗರು ಅದನ್ನೇ ಆಡಿಕೊಂಡು ನಗುತ್ತಾರೆ.

ನಾವಿಬ್ಬರೇ ಎದ್ದರೆ ಐವರು ಉಳಿಯುತ್ತಾರೆ. ಕೋರಂ ಆಗುತ್ತದೆ, ಗುಡ್ಡ ಹೋಗುತ್ತದೆ. ಬಾಯಿ ಬಿಡದೆ ಎದ್ದರೆ ಮತ್ತೆ ‘ತಾತ್ಕಾಲಿಕ’ ಎಂದು ಬರೆದುಕೊಳ್ಳುತ್ತಾರೆ. ಪಾಲಾಕ್ಷಪ್ಪನವರಿಗೆ ಇದೆಲ್ಲ ಗೊತ್ತು. ಹಂಪಮ್ಮನಿಗೆ ನಾವು ಏನು ಹೇಳಬೇಕು? ಇದಕ್ಕೆ ನಿಮ್ಮ ತರಬೇತಿ ಪುಸ್ತಕದಲ್ಲಿ ಉತ್ತರ ಇದೆಯೇ?

ಇತಿ,
ಮಂಜಮ್ಮ, ಸದಸ್ಯೆ


ಹಗರಿಬೊಮ್ಮನಹಳ್ಳಿ
20 ಸೆಪ್ಟೆಂಬರ್ 2024

ಮಂಜಮ್ಮ,

ಪುಸ್ತಕದಲ್ಲಿ ಉತ್ತರ ಇಲ್ಲ. ನನ್ನಲ್ಲಿಯೂ ಇಲ್ಲ.

ನಿಮ್ಮ ಪತ್ರಕ್ಕೆ ಒಂದು ಉತ್ತರ ಬರೆದು ಹರಿದೆ. ಅದರಲ್ಲಿ ನನ್ನ ಕೆಲಸ, ಮನೆಯ ಜವಾಬ್ದಾರಿ, ಕಚೇರಿಯ ರೀತಿ ಎಲ್ಲವೂ ಸರಿಯಾಗಿಯೇ ಇದ್ದವು. ಓದಿದರೆ ಕೊಟ್ರಬಸಪ್ಪನವರ ನಡಾವಳಿಯ ಹಾಗೆ ಕೇಳಿಸಿತು. ಒಂದಕ್ಷರವೂ ಸುಳ್ಳಿಲ್ಲ, ಆದರೆ ಇಡೀ ಪತ್ರವೇ ಸುಳ್ಳು.

ಆದ್ದರಿಂದ ಇಷ್ಟನ್ನೇ ಬರೆಯುತ್ತೇನೆ. ಎದ್ದುಹೋಗುವುದನ್ನು ಹೇಳಿಕೊಟ್ಟವಳು ನಾನು. ಯಾರು ಕೇಳಿದರೂ ಹೆಸರು ಹೇಳಿ. ನಿನ್ನೆ ಕಚೇರಿಗೆ ಹೋಗಿ ನಾನೇ ಹೇಳಿ ಬಂದಿದ್ದೇನೆ.

ಆ ಮಾತನ್ನು ಆಡಿ ಎಂದು ಹಂಪಮ್ಮನವರಿಗೆ ಹೇಳುವ ಹಕ್ಕು ನನಗಿಲ್ಲ. ನಿಮಗೂ ಇಲ್ಲವೆಂದು ತೋರುತ್ತದೆ. ‘ಸಭಾತ್ಯಾಗ ಮಾಡುತ್ತೇನೆ’ ಎಂದರೂ ನಡೆಯುತ್ತದೆ, ಅದನ್ನು ಪ್ರಯತ್ನಿಸಿ. ಅದೂ ಆಗದಿದ್ದರೆ ಅವರು ಕೂತೇ ಇರಲಿ. ಗುಡ್ಡ ಕಳೆದುಕೊಂಡರೂ ಅವರನ್ನು ಬಯ್ಯಬೇಡಿ.

ಅಮೃತಾ


ಕವಳಿಕಟ್ಟೆ
20 ಅಕ್ಟೋಬರ್ 2024

ಅಮೃತಾ ಮೇಡಂ,

ಸಭೆ ಆಯಿತು. ಅಲ್ಲ, ಆಗಲಿಲ್ಲ. ಕ್ರಮವಾಗಿ ಹೇಳುತ್ತೇನೆ.

ಮೊದಲಿಗೆ ನಿಮ್ಮ ಸಭಾತ್ಯಾಗದ ಕಥೆ. ಯಶೋಧಾ ಹಂಪಮ್ಮನಿಗೆ ಒಂದು ವಾರ ಅದನ್ನು ಬಾಯಿಪಾಠ ಮಾಡಿಸಿದಳು. ಹಂಪಮ್ಮನ ಬಾಯಲ್ಲಿ ಅದು “ಸಬತ್ಯಾಗವ್ವ” ಆಯಿತು. “ಇದ್ಯಾರ ಇನ್ನೊಬ್ಬಾಕಿ? ಕೋರಮ್ಮನ ತಂಗಿ ಏನು? ನನಗ ಒಬ್ಬಾಕೀನಽ ಸಾಕಾಗ್ಯಾಳ” ಎಂದು ಕೈ ಚೆಲ್ಲಿದಳು. ನೀವು ಬರೆದಂತೆ ನಾನು ಒತ್ತಾಯಿಸಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಬಯ್ದುಕೊಂಡೆ.

ಸಭೆಗೆ ನಾವು ಹೋದಾಗಲೇ ಮೈಲಾರೇಶ್ ಎಂಬ ಸದಸ್ಯರು ಕೆಣಕಿದರು: “ಏನವ್ವ, ಇವತ್ತೂ ಬರ್ತೀವಿ ಅಂತ ಹೋಗಾಕ ಬಂದೀರೇನು?” ಉಳಿದವರು ಚಹಾ ಚೆಲ್ಲುವ ಹಾಗೆ ನಕ್ಕರು. ಕೊಟ್ರಬಸಪ್ಪ ಹಿಂದಿನ ನಡಾವಳಿ ಓದಿದರು. ‘ಸರ್ವಾನುಮತದಿಂದ’ ಎಂಬಲ್ಲಿಗೆ ಬಂದಾಗ ಯಶೋಧಾ ಎದ್ದಳು.

“ನನ್ನ ಅನುಮತ ಅದರಾಗಿಲ್ಲ. ಸಭಿ ಬಿಟ್ಟು ಹೋಗ್ತೀನಿ.”

ಕೋಣೆಯಲ್ಲಿ ಯಾರೋ ತಟ್ಟೆ ಬೀಳಿಸಿದ ಹಾಗಾಯಿತು. ನಾನೂ ಎದ್ದೆ. “ನಾನೂ ಹೋಗ್ತೀನಿ. ಬರಕೊಳ್ರಿ” ಎಂದೆ. ಹೊರಗೆ ಬರುವಾಗ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡೆ ಮೇಡಂ. ಇಂಥ ಶಕುನದಲ್ಲಿ ನನಗೆ ನಂಬಿಕೆ ಇಲ್ಲ ಎಂದುಕೊಂಡಿದ್ದೆ. ಇದೆ.

ಪಾಲಾಕ್ಷಪ್ಪನವರು ಆರಾಮಾಗಿ ಒರಗಿ ಕೂತರು. “ಹೋಗ್ರವ್ವ ಹೋಗ್ರಿ. ಐದು ಮಂದಿ ಅದೀವಿ, ಕೋರಂ ಐತಿ. ಹಂಪಮ್ಮ, ನೀ ಕುಂಡ್ರು. ನೀ ದೊಡ್ಡಾಕಿ, ತಿಳದಾಕಿ. ಇನ್ನೊಂದು ಚಾ ತರಸ್ತೀನಿ.”

ಹಂಪಮ್ಮ ಕೂತೇ ಇದ್ದಳು. ನಾವು ಬಾಗಿಲ ಹೊರಗೆ ನಿಂತು ನೋಡುತ್ತಿದ್ದೆವು. ಅವಳು ಚಹಾದ ಲೋಟ ನೋಡಿದಳು, ಕಿಟಕಿಯಾಚೆ ಗುಡ್ಡ ನೋಡಿದಳು. ಸೀತಾಫಲಗಳು ಈಗ ಕಣ್ಣು ಬಿಟ್ಟಿವೆ, ಇನ್ನು ನಾಲ್ಕು ದಿನಕ್ಕೆ ಹಣ್ಣು. ಆಮೇಲೆ ಎದ್ದು ಸೆರಗು ಸುತ್ತಿಕೊಂಡು ಹೊಸ್ತಿಲವರೆಗೆ ಬಂದು ನಿಂತಳು.

ಕೊಟ್ರಬಸಪ್ಪ ಪೆನ್ನು ಹಿಡಿದು ಕಾಯುತ್ತಿದ್ದರು. ಬಹಳ ಪ್ರೀತಿಯಿಂದ ಹೇಳಿದರು: “ಬರ್ತೀನಿ ಅನ್ನು ಯವ್ವ. ಹಂಗಽ ಹೋಗಬಾರ್ದು. ಬರ್ತೀನಿ ಅಂದು ಹೋಗು.”

ಹಂಪಮ್ಮ ತಿರುಗಿದಳು.

“ಹೋಗ್ತೀನಿ” ಎಂದಳು.

ಅವಳೇ ಮುಂದುವರಿಸಿದಳು. “ನನ್ನ ಗಂಡ ಈ ಮಾತು ಅಂದು ಹೋದಾಂವ ಬರಲಿಲ್ಲ. ಇಷ್ಟು ವರ್ಷ ನಾ ಅನ್ನಲಿಲ್ಲ, ಆದ್ರೂ ಆಂವ ಬರಲಿಲ್ಲ. ಇವತ್ತು ಅಂತೀನಿ. ಮನಿ ಮುಟ್ಟೂದ್ರಾಗ ನನಗೇನರ ಆತಂದ್ರ ನಿಮ್ಮ ನಾಕೂ ಮಂದಿ ಮ್ಯಾಲ ಐತಿ. ಅದನ್ನೂ ಬರಿ. ಬರಿ ಕೊಟ್ರಬಸಪ್ಪ, ಯಾಕ ಪೆನ್ನು ನಿಂತೈತಿ? ‘ಹಂಪಮ್ಮ ಹೋಗ್ತೀನಿ ಅಂದ್ಳು’ ಅಂತ ಬರಿ. ನಾ ಹೇಳಿದಂಗಽ ಬರಿ.”

ಅವರು ಬರೆದರು. ಪಾಲಾಕ್ಷಪ್ಪನವರು ಬೇಡ ಬೇಡ ಎಂದರೂ ಕೊಟ್ರಬಸಪ್ಪ ಬರೆದರು, ಹಂಪಮ್ಮನ ಆಣೆಗೆ ಹೆದರಿಯೋ, ಮತ್ತೆ ಯಾತಕ್ಕೋ. ಅದರ ಕೆಳಗೆ: ‘ಕೋರಂ ಇಲ್ಲದ ಕಾರಣ ಸಭೆ ಮುಂದೂಡಲಾಯಿತು. ಹಿಂದಿನ ನಡಾವಳಿ ದೃಢೀಕರಣವಾಗಲಿಲ್ಲ.’

ಹೊರಗೆ ಬಂದ ಮೇಲೆ ಹಂಪಮ್ಮ ನಮ್ಮಿಬ್ಬರ ಕೈಯನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ಮನೆಯ ಕಡೆ ತಿರುಗಲಿಲ್ಲ. “ಮನಿ ಬ್ಯಾಡ. ಗುಡ್ಡಕ್ಕ ನಡೀರಿ” ಎಂದಳು. ಅಲ್ಲಿ ಗಿಡದಲ್ಲೇ ಹಣ್ಣಾಗಿದ್ದ ಒಂದನ್ನು ಹುಡುಕಿ ಒಡೆದು, ಬೀಜ ಉಗುಳಿ, “ಸತ್ತಿಲ್ಲ ನೋಡ್ರಲೇ” ಎಂದಳು. ಆಮೇಲೆ ಅತ್ತಳು. ಯಾರಿಗಾಗಿ ಎಂದು ನಾವು ಕೇಳಲಿಲ್ಲ.

ಡಿಸೆಂಬರಿಗೆ ಮತ್ತೆ ಸಭೆ ಕರೆದಿದ್ದಾರೆ. ಮತ್ತೆ ಹೋಗುತ್ತೇವೆ. ಅಲ್ಲಿಗೂ ಹೋಗುತ್ತೇವೆ, ಅಲ್ಲಿಂದಲೂ ಹೋಗುತ್ತೇವೆ. ಗುಳೆ ಮಾತ್ರ ಹೋಗುವುದಿಲ್ಲ.

ನಿಮ್ಮ ವಿಶ್ವಾಸದ
ಮಂಜಮ್ಮ


ಹಗರಿಬೊಮ್ಮನಹಳ್ಳಿ
6 ನವೆಂಬರ್ 2024

ಪ್ರೀತಿಯ ಮಂಜಮ್ಮ,

ನಿಮ್ಮ ಪತ್ರವನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ. ಒಲೆಯ ಮೇಲಿನ ಹಾಲು ಉಕ್ಕಿಹೋದದ್ದೂ ತಿಳಿಯಲಿಲ್ಲ.

ಇಲ್ಲಿಯ ಸುದ್ದಿ ಹೇಳುತ್ತೇನೆ. ನನ್ನನ್ನು ತರಬೇತಿದಾರರ ಪಟ್ಟಿಯಿಂದ ತೆಗೆದಿದ್ದಾರೆ. ಹಡಗಲಿ, ಹರಪನಹಳ್ಳಿಯ ಮುಂದಿನ ತರಬೇತಿಗಳಿಗೆ ಬೇರೆ ಯಾರೋ ಬರುತ್ತಾರೆ. ಬೇಸರವಾಗಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನಿಮ್ಮ ಕಥೆ ನನಗಿಂತ ಮೊದಲೇ ಬಸ್ಸು ಹತ್ತಿದೆ. ಹೊಳಲಿನ ಒಂದು ಸಮಿತಿಯ ಹೆಣ್ಣುಮಕ್ಕಳು ಫೋನ್ ಮಾಡಿದ್ದರು. “ಸರ್ಕಾರದ ಹಾಲ್ ಬ್ಯಾಡ್ರಿ ಮೇಡಂ, ನಮ್ಮ ಕಟ್ಟಿ ಮ್ಯಾಲ ಕುಂತು ಹೇಳ್ರಿ. ಆ ಹೋಗ್ತೀನಿ ಅನ್ನೂ ಪಾಠ ಐತೆಲ್ಲ, ಅದನ್ನಽ ಹೇಳ್ರಿ” ಎಂದರು. ಆ ಪಾಠ ನನ್ನದಲ್ಲ ಎಂದೆ. ಅದು ಹಂಪಮ್ಮನವರದು. ಅವರು ಒಪ್ಪಿದರೆ ನಾವು ನಾಲ್ವರೂ ಹೋಗೋಣ.

ಪಟ್ಟಿಯಿಂದ ತೆಗೆದದ್ದನ್ನು ಹೇಳಲು ಅಧಿಕಾರಿ ನನ್ನನ್ನು ಕರೆಸಿದ್ದರು. ಕೆಟ್ಟವರಲ್ಲ, ದಣಿದವರು. “ತರಬೇತಿ ಅಂದರೆ ಸಭೆ ನಡೆಸೋದನ್ನ ಕಲಿಸೋದು ಮೇಡಂ, ನಿಲ್ಲಿಸೋದನ್ನಲ್ಲ” ಎಂದರು.

“ನಿಲ್ಲಿಸೋಕೆ ಬಾರದವರು ಸಭೆಯಲ್ಲಿ ಕೂತಿದ್ದರೆ ಅದು ಸಭೆ ಅಲ್ಲ ಸರ್, ಫೋಟೋ” ಎಂದೆ.

“ಸರಿ, ನೀವಿನ್ನು ಹೊರಡಬಹುದು” ಎಂದು ಅವರು ಫೈಲಿನತ್ತ ತಿರುಗಿದರು.

ಬಾಗಿಲಲ್ಲಿ ನಿಂತೆ. ಎರಡು ಮಾತೂ ಬಾಯಲ್ಲಿದ್ದವು. ಹಂಪಮ್ಮನವರ ಮಾತನ್ನೇ ಆಡಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಹೋಗಿದ್ದೆ. ಆದರೆ ಅಧಿಕಾರಿ ಬಯಸಿದ್ದು ನಾನು ಹೋಗುವುದನ್ನೇ ಅಲ್ಲವೇ?

“ಬರ್ತೀನಿ ಸರ್” ಎಂದೆ.

ದಿನವೂ ಎಷ್ಟೋ ಜನರ ಬಾಯಲ್ಲಿ ಕೇಳಿ ಕೇಳದ ಹಾಗಿರುವ ಮಾತು ಅದು. ಅಧಿಕಾರಿ ಥಟ್ಟನೆ ತಲೆ ಎತ್ತಿದರು.

“ಯಾವಾಗ?” ಎಂದರು.

ಬರ್ತೀನಿ,
ಅಮೃತಾ